ಪದ್ಮಳ ಕ್ಯಾಮೆರಾಗೆ ಹಿಡಿದ ಮಬ್ಬು

ಊರಿಗಾಂ

ಆಷಾಢದಲ್ಲಿ ಬಂಗಾರಪೇಟೆಯ ನನ್ನ ಫೋಟೋ ಸ್ಟುಡಿಯೋಗೆ ಬರುವುದು ಎರಡೇ: ಗಾಳಿ ಮತ್ತು ಧೂಳು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಸಿಕೊಳ್ಳಲು ಯಾರಾದರೂ ಒಳಗೆ ಬಂದರೆ ಕೂರಿಸಿ ಕಾಫಿ ತರಿಸುವಷ್ಟು ಪ್ರೀತಿ ಉಕ್ಕುತ್ತದೆ. ಅಂಥ ಒಂದು ಆಷಾಢದಲ್ಲಿ ನಾನು ಜರ್ಮನಿಗೆ ಹೋಗಿ ಬಂದೆ. ಪರದೇಶ ನೋಡುವ ಆಸೆಯಿಂದ ಹೋದವನಲ್ಲ. ಅಮ್ಮ ಕಳಿಸಿದಳು, ಹೋದೆ.

ನನ್ನ ತಂಗಿ ಪದ್ಮ ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ಎಂಜಿನಿಯರ್. ದೂರದ ಗ್ರಹಗಳ ಕಡೆಗೆ ಹೋಗುವ ನೌಕೆಗಳಿಗೆ ಕ್ಯಾಮೆರಾ ಕಟ್ಟಿಕೊಡುವುದು ಅವಳ ಕೆಲಸ. ಹೀಗೆ ನಮ್ಮ ಮನೆಯಲ್ಲಿ ಇಬ್ಬರೂ ಕ್ಯಾಮೆರಾದವರೇ. ನನ್ನದು ಮದುಮಗಳ ಮೂಗುತಿಯವರೆಗೆ ನೋಡುತ್ತದೆ, ಅವಳದು ಮಂಗಳ ಗ್ರಹದ ಆಚೆಗೂ ನೋಡಬೇಕು. ಅವಳೂ ಅವಳ ಜೊತೆಯವರೂ ಎಷ್ಟೋ ವರ್ಷ ಕೂತು ಕಟ್ಟಿದ ಕ್ಯಾಮೆರಾ ಒಂದು ನೌಕೆಯ ಹೊಟ್ಟೆಯಲ್ಲಿ ಕೂತು ಹೊರಟು ಕೆಲವು ವರ್ಷಗಳಾಗಿದ್ದವು. ಅದು ಹೊರಟಿದ್ದು ಒಂದು ಕ್ಷುದ್ರಗ್ರಹದ ಕಡೆಗೆ. ಅಲ್ಲಿ ಅದು ನಿಲ್ಲುವುದಿಲ್ಲ. ಪಕ್ಕದಲ್ಲೇ ಹಾದು ಮುಂದೆ ಹೋಗಿಬಿಡುತ್ತದೆ, ಹಾದುಹೋಗುವಾಗಲೇ ಫೋಟೋ ತೆಗೆಯಬೇಕು. ತಾಳಿ ಕಟ್ಟುವ ಗಳಿಗೆ ತಪ್ಪಿಸಿಕೊಂಡು, ಮದುಮಗನ ಕೈಕಾಲು ಹಿಡಿದು ಇನ್ನೊಮ್ಮೆ ಕಟ್ಟಿಸಿ ಫೋಟೋ ತೆಗೆದವರನ್ನು ನಾನು ಬಲ್ಲೆ. ಅವಳ ಕಸುಬಿನಲ್ಲಿ ಅದಕ್ಕೆ ದಾರಿಯಿಲ್ಲ.

ಆ ಕ್ಷುದ್ರಗ್ರಹವೆಂದರೆ ಗಟ್ಟಿ ಬಂಡೆಯೂ ಅಲ್ಲವಂತೆ, ಜಲ್ಲಿಯೂ ಹುಡಿಯೂ ಸೇರಿಕೊಂಡ ಗುಡ್ಡೆಯಂತೆ. ಪದ್ಮ ಒಮ್ಮೆ ರಜೆಗೆ ಬಂದಾಗ ಇದನ್ನು ವಿವರಿಸಿದಳು. ಅಮ್ಮ ಹಸುವಿಗೆ ಹಿಂಡಿ ಕಲಸುತ್ತಲೇ ಕೇಳಿಸಿಕೊಂಡಳು.

"ಅಷ್ಟ್ ದೂರ ಓಗಿ ಧೂಳಿನ ದಿಬ್ಬದ್ ಫೋಟೋ ಇಡಿಯದಾ? ನಮ್ಮನೆ ಇಂದೇನೇ ಐತಲ್ಲೇ ಪದ್ಮೀ!"

ಅಮ್ಮ ಹೇಳಿದ್ದು ಸೈನೈಡ್ ದಿಬ್ಬವನ್ನು. ಚಿನ್ನ ತೆಗೆದುಕೊಂಡ ಮೇಲೆ ಗಣಿಯವರು ಎಸೆದ ಹುಡಿಯ ಗುಡ್ಡ ಅದು. ಗಣಿ ಮುಚ್ಚಿದರೂ ಗುಡ್ಡ ಹೋಗಿಲ್ಲ. ಆಷಾಢದ ಗಾಳಿ ಬೀಸಿದರೆ ಊರಿಗಾಂನಲ್ಲಿ ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿಸಿದ ನಮ್ಮ ಲೈನು ಮನೆಗಳಿಗೆ ಬೂದು ಬಣ್ಣ ಬರುತ್ತದೆ. ಅದಕ್ಕೇ ನಮಗೊಂದು ಅಭ್ಯಾಸ. ಊಟದ ತಟ್ಟೆಯಾಗಲಿ, ಕುರ್ಚಿಯಾಗಲಿ, ದೇವರ ಪಟವಾಗಲಿ, ಮುಟ್ಟುವ ಮುಂಚೆ ಒರೆಸುತ್ತೇವೆ. ಗಾಜಿನದಾದರೆ ಬಾಯಗಲಿಸಿ 'ಹಾ' ಎಂದು ಬಿಸಿಯುಸಿರು ಬಿಟ್ಟು, ಅದು ಮಂಜಾದ ಕೂಡಲೇ ಬಟ್ಟೆಯ ತುದಿಯಲ್ಲಿ ಒರೆಸುತ್ತೇವೆ. ಅಪ್ಪ ಚಾಂಪಿಯನ್ ರೀಫ್ಸ್‌ನ ಗಣಿಯಲ್ಲಿದ್ದರು. ಕೆಳಗಿಳಿಯುವ ಮುಂಚೆ ಟೋಪಿಯ ದೀಪದ ಗಾಜಿಗೆ ಹೀಗೇ ಉಸಿರು ಬಿಟ್ಟು, ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು. ಬುತ್ತಿ ಕೊಡಲು ಹೋಗುತ್ತಿದ್ದ ನಾನೂ ಪದ್ಮಳೂ ಅದನ್ನು ನೋಡಿ ನೋಡಿ ಕಲಿತೆವು. ಅಪ್ಪ ಈಗಿಲ್ಲ, ಅಭ್ಯಾಸ ಇದೆ.

ನಾನು ಹೊರಡುವ ಹಿಂದಿನ ವರ್ಷದಿಂದ ಪದ್ಮಳ ಫೋನು ಚುಟುಕಾಗುತ್ತಾ ಬಂತು. ಕ್ಯಾಮೆರಾಗೆ ಏನೋ ಮಬ್ಬು ಹಿಡಿದಿದೆ ಅಂದಳು. ಮುಂದೆ ಕೇಳಿದರೆ ಹಸು ಹೇಗಿದೆ ಎಂದು ಮಾತು ತಿರುಗಿಸುತ್ತಿದ್ದಳು.

"ಅವಳ್ ಮಾತ್ನಾಗೆ ಉಪ್ಪೇ ಇಲ್ಲ ಕಣ್ಲಾ ನಾಣಿ," ಅಂದಳು ಅಮ್ಮ. "ನಾನ್ ಓದ್ರೆ ಅಸುಗಳ್ನ ಯಾರ್ ನೋಡ್ಕಂತಾರೆ? ನೀನ್ ಓಗಿ ಅವಳ್ ಮುಖ ನೋಡ್ಕಂಡ್ ಬಾ."

ಪೆಟ್ಟಿಗೆಯಲ್ಲಿ ರಾಗಿ ಹಿಟ್ಟು, ಹುರುಳಿ ಪುಡಿ, ಕಡಲೆಬೀಜದ ಚಟ್ನಿಪುಡಿ ತುಂಬಿದಳು. ಮೇಲೊಂದು ವಿಭೂತಿಯ ಪೊಟ್ಟಣ. ಅದು ಪದ್ಮಳ ಮೆಷಿನ್ನಿಗೆ ಹಚ್ಚುವುದಕ್ಕಂತೆ. ಆಯುಧಪೂಜೆಗೆ ನಾನು ನನ್ನ ಕ್ಯಾಮೆರಾಗಳಿಗೆ ಹಚ್ಚುವುದಿಲ್ಲವೇ, ಹಾಗೆ.

ತಡವಾದ ರೈಲು

ವಿಮಾನ ಇಳಿದಲ್ಲಿ ಒಬ್ಬ ಅಧಿಕಾರಿ ನನ್ನ ಪೆಟ್ಟಿಗೆ ತೆರೆಸಿದ. ರಾಗಿ ಹಿಟ್ಟಿನ ಚೀಲ ಎತ್ತಿ, ಬೆಳಕಿಗೆ ಹಿಡಿದು, ಮೂಸಿ, ಏನಿದು ಎಂದು ಕೇಳಿದ. ತಿನ್ನುವ ವಸ್ತು ಎಂದೆ. ಹೇಗೆ ತಿನ್ನುವುದು ಎಂದ. ಉಂಡೆ ಕಟ್ಟಿ, ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದನ್ನು ಅಭಿನಯಿಸಿ ತೋರಿಸಿದೆ. ಅಗಿಯುವುದೇ ಇಲ್ಲವೇ ಎಂದು ಎರಡು ಸಲ ಕೇಳಿದ. ಇಲ್ಲ ಎಂದೆ. ಪಕ್ಕದವನನ್ನು ಕರೆದು ಅವನಿಗೂ ಹೇಳಿದ. ಇಬ್ಬರೂ ನನ್ನ ಗಂಟಲನ್ನೊಮ್ಮೆ ನೋಡಿ ಪೆಟ್ಟಿಗೆ ಮುಚ್ಚಿಕೊಟ್ಟರು.

ಜರ್ಮನಿಯಲ್ಲಿ ರೈಲು ನೋಡಿ ಗಡಿಯಾರ ಸರಿಮಾಡಿಕೊಳ್ಳಬಹುದು ಎಂದು ನಮ್ಮೂರ ಮೇಷ್ಟರೊಬ್ಬರು ಹೇಳಿ ಕಳಿಸಿದ್ದರು. ನಾನು ಹತ್ತಬೇಕಿದ್ದ ರೈಲು ತಡ ಎಂದು ಫಲಕ ಹೇಳಿತು. ಸ್ವಲ್ಪ ಹೊತ್ತಿಗೆ ಇನ್ನೂ ತಡ ಎಂದಿತು. ಸುತ್ತಲಿನವರು ನಿಟ್ಟುಸಿರು ಬಿಟ್ಟು ತಲೆಯಲ್ಲಾಡಿಸುತ್ತಿದ್ದರೆ, ನನಗೆ ಮಾತ್ರ ಬಂಗಾರಪೇಟೆ ಜಂಕ್ಷನ್ನಿನ ಕಟ್ಟೆಯ ಮೇಲೆ ಕೂತಷ್ಟು ಹಿತವಾಯಿತು. ಪರದೇಶದ ಭಯ ಅರ್ಧ ಅಲ್ಲೇ ಇಳಿಯಿತು.

ರೈಲು ಹತ್ತಿದ ಮೇಲೆ ಅಮ್ಮನ ಫೋನು ಬಂತು. ದೂರದ ಮಾತಲ್ಲವೇ, ಗಟ್ಟಿಯಾಗಿಯೇ ಮಾತಾಡಿದೆ. ಎದುರಿನ ಸೀಟಿನಲ್ಲಿ ಉಲ್ಲನ್ ಹೆಣೆಯುತ್ತಿದ್ದ ಅಜ್ಜಿಯೊಬ್ಬಳು ಸೂಜಿಯಿಂದಲೇ ಕಿಟಕಿಯ ಮೇಲಿನ ಚಿತ್ರ ತೋರಿಸಿದಳು. ತುಟಿಯ ಮೇಲೆ ಬೆರಳಿಟ್ಟ ಚಿತ್ರ.

"ಇಲ್ಲಿ ಮಾತಾಡಂಗಿಲ್ಲಂತೆ ಕಣಮ್ಮಾ," ಎಂದು ಪಿಸುಗುಟ್ಟಿದೆ.

"ಅಯ್ಯೋ ದೇವುಡಾ! ಯಾಕ್ಲಾ, ರೈಲ್ನಾಗೆ ಯಾರಾನಾ ಓಗ್ಬಿಟ್ಟವ್ರಾ?" ಎಂದಳು ಅಮ್ಮ, ಇಡೀ ಡಬ್ಬಿಗೆ ಕೇಳುವಂತೆ. ಅಜ್ಜಿಗೆ ಕನ್ನಡವೂ ತೆಲುಗೂ ಬರದಿದ್ದರೂ ನಕ್ಕಳು.

ಪದ್ಮಳ ಊರಿನ ಹೆಸರು ಹೇಳಲು ನನ್ನ ನಾಲಿಗೆ ಕೊನೆಯವರೆಗೂ ಹೊರಳಲಿಲ್ಲ, ಈಗ ಬರೆಯಲು ಕೈಯೂ ಹೊರಳುತ್ತಿಲ್ಲ, ಬಿಟ್ಟುಬಿಡುತ್ತೇನೆ. ನಿಲ್ದಾಣದಲ್ಲಿ ಪದ್ಮ ನಿಂತಿದ್ದಳು. ಅಣ್ಣಾ ಎಂದು ಓಡಿಬಂದು ಕೈ ಹಿಡಿದಳು, ನಕ್ಕಳು. ಮುಖ ನೋಡುವುದೇ ನನ್ನ ಕಸುಬು. ಕ್ಯಾಮೆರಾ ಮುಂದೆ ಬಲವಂತಕ್ಕೆ ನಗುವವರನ್ನು ದಿನಾ ಕಾಣುತ್ತೇನೆ. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಅಮ್ಮನಿಗೆ ಏನು ಹೇಳಲಿ ಎಂದು ಯೋಚಿಸುತ್ತಾ ಪೆಟ್ಟಿಗೆ ಎತ್ತಿಕೊಂಡೆ.

ಕಿಟಕಿ ತೆಗೆಯುವವರು

ಪದ್ಮಳ ಬಾಡಿಗೆ ಮನೆಯ ಕೆಳಗೆ ಮನೆಯೊಡತಿ ಇರುತ್ತಾರೆ. ಬೆಳಗಾದರೆ ಅವರು ಮೇಲೆ ಬಂದು ಕಿಟಕಿಗಳನ್ನೆಲ್ಲ ಅಗಲವಾಗಿ ತೆಗೆಯುತ್ತಿದ್ದರು. ಅವರು ಇಳಿದುಹೋದ ಕೂಡಲೇ ನಾನು ಮುಚ್ಚುತ್ತಿದ್ದೆ. ಗಾಳಿ ಬಂದರೆ ಕಿಟಕಿ ಮುಚ್ಚಬೇಕೆಂದು ಕಲಿತು ಬೆಳೆದವನು ನಾನು, ಗಾಳಿ ಬರಲೆಂದೇ ಕಿಟಕಿ ತೆಗೆಯಬೇಕೆಂದು ನಂಬಿದವರು ಅವರು. ಒಂದು ದಿನ ಮುಚ್ಚುತ್ತಿದ್ದಾಗಲೇ ಸಿಕ್ಕಿಬಿದ್ದೆ. ಅವರು ನನ್ನನ್ನು ಕಿಟಕಿಯ ಬಳಿ ನಿಲ್ಲಿಸಿ, ಅಂಚಿನ ಮೇಲೆ ಬೆರಳೆಳೆದು ತೋರಿಸಿದರು. ಬೆರಳಿಗೆ ಏನೂ ಹತ್ತಿರಲಿಲ್ಲ. ನಾನೂ ಎಳೆದು ನೋಡಿದೆ. ಇಷ್ಟು ಚೊಕ್ಕಟವಾದ ಬೆರಳು ನೋಡಿ ನನಗೆ ಯಾಕೋ ಊರಿನ ನೆನಪಾಯಿತು.

ಅಲ್ಲಿ ಆಗ ಬೇಸಿಗೆ. ರಾತ್ರಿ ಊಟದ ಹೊತ್ತಿಗೂ ಬಿಸಿಲಿರುತ್ತದೆ. ಮುದ್ದೆ, ಹುರುಳಿ ಸಾರು ಮಾಡಿ ಬಡಿಸಿದೆ. ಪದ್ಮ ಮುದ್ದೆ ಮುರಿದು ಹಾಗೇ ಕೂತಳು. ಆಮೇಲೆ ಕಂಪ್ಯೂಟರ್ ತಂದು ಎರಡು ಚಿತ್ರ ತೋರಿಸಿದಳು. ಎರಡೂ ಅವಳ ಕ್ಯಾಮೆರಾ ನೌಕೆಯಿಂದ ಕಳಿಸಿದವು, ಎರಡೂ ಆಕಾಶದ ಒಂದೇ ಭಾಗದವು. ಹೊರಟ ಹೊಸದರಲ್ಲಿ ತೆಗೆದ ಮೊದಲನೆಯದರಲ್ಲಿ ನಕ್ಷತ್ರಗಳು ಸೂಜಿಮೊನೆಯಷ್ಟು ಚೂಪಾಗಿದ್ದವು. ಈಚಿನ ಎರಡನೆಯದರಲ್ಲಿ ಪ್ರತಿಯೊಂದರ ಸುತ್ತಲೂ ಬಿಳಿ ಮಬ್ಬು. ಸಣ್ಣ ನಕ್ಷತ್ರಗಳು ಕಾಣುತ್ತಲೇ ಇರಲಿಲ್ಲ.

"ಫೋಕಸ್ ತಪ್ಪೈತಾ?" ಎಂದೆ.

"ಇಲ್ಲಣ್ಣ. ಲೆನ್ಸ್ ಮೇಲೆ ಏನೋ ಕೂತೈತೆ. ಇಂಗೇ ಇದ್ರೆ ಆ ಗ್ರಹದತ್ರ ಓದಾಗ ಬರೇ ಬಿಳೀ ಮುದ್ದೆ ಕಾಣುತ್ತೆ, ಅಷ್ಟೇ."

ನೌಕೆಯೊಳಗಿನ ಅಂಟು, ಬಣ್ಣ, ಹೊದಿಕೆ, ಇವುಗಳೊಳಗೆ ಅಡಗಿದ ಆವಿ ಅಲ್ಲಿನ ಶೂನ್ಯದಲ್ಲಿ ಮೆಲ್ಲಗೆ ಹೊರಬಂದು, ತಣ್ಣಗಿರುವ ಗಾಜಿನ ಮೇಲೆ ಪೊರೆಯಾಗುವುದುಂಟಂತೆ. ಒರೆಸಲು ಅಲ್ಲಿಗೆ ಯಾರೂ ಹೋಗಲಾಗದು. ಕ್ಯಾಮೆರಾದಲ್ಲೇ ಇರುವ ಪುಟ್ಟ ಹೀಟರಿನಿಂದ ಗಾಜನ್ನು ಬೆಚ್ಚಗೆ ಮಾಡಿ ಆ ಪೊರೆಯನ್ನು ಏಳಿಸುವುದೊಂದೇ ಉಪಾಯ. ಕಡಿಮೆ ಕಾಯಿಸಿದರೆ ಪೊರೆ ಏಳುವುದಿಲ್ಲ. ಹೆಚ್ಚು ಕಾಯಿಸಿದರೆ ಲೆನ್ಸುಗಳು ಕೂತ ಜಾಗದಿಂದ ಕದಲಿ ಕ್ಯಾಮೆರಾ ಕಾಯಂ ಕುರುಡಾಗುತ್ತದೆ. ಎಷ್ಟು ಕಾಯಿಸಬೇಕೆಂದು ಮೊದಲು ಇಲ್ಲಿಯೇ, ಅದರ ಅವಳಿಯ ಮೇಲೆ ನೋಡುತ್ತಾರೆ. ಕ್ಯಾಮೆರಾ ಕಟ್ಟುವಾಗ ಅದರಂಥದ್ದೇ ಇನ್ನೊಂದನ್ನು ಕಟ್ಟಿ ನೆಲದ ಮೇಲೆ ಇಟ್ಟುಕೊಂಡಿರುತ್ತಾರೆ, ಅದೇ ಅವಳಿ. ನೌಕೆಗೆ ಆಜ್ಞೆ ಕಳಿಸುವ ದೊಡ್ಡ ಆಂಟೆನಾ ಎಷ್ಟೋ ನೌಕೆಗಳಿಗೆ ಹಂಚಿಹೋಗಿರುತ್ತದೆ, ನಮ್ಮ ಬಂಗಾರಪೇಟೆಯ ಕಲ್ಯಾಣ ಮಂಟಪದ ಹಾಗೆ. ಇವರ ಸರದಿ ಮುಂದಿನ ವಾರದಿಂದ ಕೆಲವು ದಿನ. ಅದು ತಪ್ಪಿದರೆ ಮತ್ತೆ ಯಾವಾಗಲೋ. ಅಷ್ಟರೊಳಗೆ ಎಷ್ಟು ಬಿಸಿ ಎಂದು ತೀರ್ಮಾನವಾಗಬೇಕಿತ್ತು.

ಬಿಳಿ ಕೋಣೆ

ಪದ್ಮಳ ತಂಡದ ಮುಖ್ಯಸ್ಥೆ ಬಿರ್ಗಿಟ್ ಎಂಬ ಎತ್ತರದ ಹೆಂಗಸು. ಮಾತು ಕಡಿಮೆ, ಕೈಕುಲುಕಿದರೆ ಮೂಳೆ ನೋಯುತ್ತದೆ. ಧೂಳಿನ ಒಂದು ಕಣವೂ ಸುಳಿಯಬಾರದ, ಬೇರೆಯವರು ಗಾಜಿನ ಆಚೆಯಿಂದ ನೋಡಬೇಕಾದ ಕೋಣೆಯೊಳಕ್ಕೆ ನನ್ನನ್ನು ಬಿಟ್ಟವರು ಅವರೇ. ಇವರೂ ಫೋಟೋದವರಲ್ಲವೇ, ಹತ್ತಿರದಿಂದ ನೋಡಲಿ ಎಂದರಂತೆ. ಆ ಮರ್ಯಾದೆಯನ್ನು ನಾನು ಹೇಗೆ ಉಳಿಸಿಕೊಂಡೆ ಎಂಬುದನ್ನು ಹೇಳುತ್ತೇನೆ.

ಬಾಗಿಲಲ್ಲಿ ನನಗೆ ತಲೆಯಿಂದ ಪಾದದವರೆಗೆ ಬಿಳಿ ಅಂಗಿ ತೊಡಿಸಿದರು. ಕೈಗೆ ಗವಸು, ಬಾಯಿಗೆ ಮುಖವಾಡ, ಗಡ್ಡಕ್ಕೂ ಒಂದು ಚೀಲ. ಕನ್ನಡಿಯಲ್ಲಿ ನೋಡಿಕೊಂಡರೆ ನನ್ನ ಗುರುತು ನನಗೇ ಹತ್ತಲಿಲ್ಲ. ಏನನ್ನೂ ಮುಟ್ಟಬೇಡ ಎಂದು ಪದ್ಮ ಮೂರು ಸಲ ಹೇಳಿದಳು. ನಾನು ಚಿಕ್ಕ ಮಗುವೇ ಎಂದು ರೇಗಿದೆ.

ಒಳಗೆ ಮೇಜಿನ ಮೇಲೆ ಅವಳಿ ಕೂತಿತ್ತು. ಪರೀಕ್ಷೆಯ ಪೆಟ್ಟಿಗೆಗೆ ಇಳಿಸಲೆಂದು ಅದರ ಮುಚ್ಚಳ ತೆಗೆದಿದ್ದರು. ಕ್ಲೌಸ್ ಎಂಬ ವಯಸ್ಸಾದ ಎಂಜಿನಿಯರ್ ಪಕ್ಕದಲ್ಲಿ ನಿಂತಿದ್ದರು. ಲೆನ್ಸುಗಳನ್ನು ಅಂಟಿಸಿ ಕೂರಿಸುವುದು ಅವರ ಕೆಲಸ. ನಾನು ಬಗ್ಗಿ ನೋಡಿದೆ. ಎಂಥ ಗಾಜು! ನನ್ನ ಕಸುಬಿನ ಇಷ್ಟು ವರ್ಷದಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ಕೆರೆಯ ಆಳದ ಹಾಗೆ ಹಸಿರುಗಪ್ಪು ಬಣ್ಣ. ಮೆಚ್ಚಿಕೊಂಡು ಮೈಮರೆತು ನೋಡುತ್ತಿದ್ದಾಗ ಅಂಚಿನಲ್ಲಿ ಒಂದು ಚುಕ್ಕೆ ಕಂಡಂತಾಯಿತು. ಅದು ದೀಪದ ಪ್ರತಿಬಿಂಬವಂತೆ, ಆಮೇಲೆ ತಿಳಿಯಿತು.

ನನ್ನ ಎಡಗೈ ಮುಖವಾಡವನ್ನು ಗದ್ದಕ್ಕೆ ಎಳೆದಿತ್ತು. ಬಾಯಿ 'ಹಾ' ಎಂದಿತ್ತು. ಗಾಜಿನ ಮೇಲೆ ಮಂಜು ಹರಡಿತು. ಬಲಗೈ ಅಂಗಿಯ ಚುಂಗು ಹುಡುಕುತ್ತಿತ್ತು, ಆ ಬಿಳಿ ಅಂಗಿಗೆ ಚುಂಗೇ ಇರಲಿಲ್ಲ. ಅಷ್ಟರಲ್ಲಿ ಪದ್ಮ ನನ್ನ ಮಣಿಕಟ್ಟು ಹಿಡಿದಿದ್ದಳು.

ಯಾರೂ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಮಂಜು ಅಂಚಿನಿಂದ ನಡುವಿನ ಕಡೆಗೆ ಕುಗ್ಗುತ್ತಾ ಮಾಯವಾಗುವುದನ್ನು ಎಲ್ಲರೂ ನೋಡುತ್ತಾ ನಿಂತರು. ಕ್ಲೌಸ್ ಮೆಲ್ಲಗೆ ಮುಚ್ಚಳ ಮುಚ್ಚಿದರು. ಅವಳಿಯ ಲೆನ್ಸು ಮತ್ತೆ ಶುದ್ಧಮಾಡಿ ಪರೀಕ್ಷಿಸದೆ ಕಾಯಿಸುವ ಹಾಗಿಲ್ಲ, ಇವತ್ತಿನ ಕೆಲಸ ನಿಂತಿತು ಎಂದರು ಬಿರ್ಗಿಟ್. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಮ್ಮ ಕೊಟ್ಟ ವಿಭೂತಿ ಪೊಟ್ಟಣ ಪೆಟ್ಟಿಗೆಯಲ್ಲೇ ಉಳಿದದ್ದು ಅವತ್ತು ನಾನು ಮಾಡಿದ ಒಂದೇ ಪುಣ್ಯದ ಕೆಲಸ. ಪದ್ಮ ನನ್ನನ್ನು ಬೈದರೆ ಸಾಕು, ಮನಸ್ಸು ಹಗುರಾಗುತ್ತದೆ ಎಂದು ಕಾದೆ. ಅವಳು ಬೈಯಲಿಲ್ಲ. ನನ್ನನ್ನಲ್ಲ, ಆ ಗಾಜಿನ ಮೇಲಿನ ಮುಚ್ಚಳವನ್ನೇ ನೋಡುತ್ತಿದ್ದಳು.

ಬಾತುಕೋಳಿಗಳ ಕೊಳ

ಮಧ್ಯಾಹ್ನ ಇಬ್ಬರೂ ನಡೆದುಕೊಂಡು ಮನೆಗೆ ಹೊರಟೆವು. ದಾರಿಯಲ್ಲಿ ಒಂದು ಕೊಳ. ರಸ್ತೆ ದಾಟಲು ಕೆಂಪು ದೀಪವಿತ್ತು. ಕಣ್ಣು ಹಾಯಿಸಿದಷ್ಟು ದೂರವೂ ಒಂದು ಸೈಕಲ್ ಕೂಡ ಇಲ್ಲ, ಆದರೂ ಜನ ಹಸಿರಿಗಾಗಿ ಕಾದು ನಿಂತಿದ್ದರು. ನಾವೂ ನಿಂತೆವು. ಹಸಿರಾಯಿತು, ಅವರು ದಾಟಿದರು, ಪದ್ಮ ದಾಟಲಿಲ್ಲ. ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟಳು.

"ತಪ್ಪಾಯ್ತು ಕಣಮ್ಮ. ಕೈ ತಾನಾಗೇ ಓಯ್ತು," ಎಂದೆ.

"ಗೊತ್ತಣ್ಣ. ಕೈ ತಾನಾಗೇ ಓಗುತ್ತೆ." ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. "ನಿನ್ನ ನೋಡಿ ನನ್ನೇ ನೋಡ್ದಂಗಾಯ್ತು."

ಆಮೇಲೆ ಹೇಳಿದಳು. ಕ್ಯಾಮೆರಾವನ್ನು ನೌಕೆಗೆ ಕೂರಿಸಿ, ಕೊನೆಯ ಸಲ ಮುಚ್ಚಳ ಹಾಕುವ ಮುಂಚೆ ಗಾಜನ್ನು ನೋಡಿದವಳು ಅವಳೇ.

"ಒಂದ್ ಚುಕ್ಕೆ ಕಾಣಿಸ್ತಣ್ಣ. ಕೈ ಮುಖವಾಡದತ್ರ ಓಗಿದ್ದು ಗ್ಯಾಪಕ ಐತೆ. ಆಮೇಲಿಂದು ಗ್ಯಾಪಕ ಇಲ್ಲ. ಉಸ್ರು ಬಿಟ್ನೋ ಬಿಡ್ಲಿಲ್ವೋ, ದೇವ್ರಾಣೆಗೂ ಗೊತ್ತಿಲ್ಲ. ಮಬ್ಬು ಕಾಣಿಸ್ದಾಗಿಂದ ಅದೇ. ಕಣ್ಮುಚ್ಚಿದ್ರೆ ಬರೇ ಅದೇ."

"ಉಸ್ರು ಆಗ್ಲೇ ಒಣಗೋಗುತ್ತಲ್ಲ. ನಾವೇ ನೋಡ್ಲಿಲ್ವಾ?"

"ನೀರು ಒಣಗುತ್ತೆ. ಉಸ್ರಲ್ಲಿ ನೀರೊಂದೇ ಇರಲ್ಲ. ತಿಂದಿದ್ ಒಗ್ಗರಣೆ ಜಿಡ್ಡೂ ಇರುತ್ತೆ."

"ಯಾರಿಗಾದ್ರೂ ಏಳಿದ್ದೀಯಾ?"

ಇಲ್ಲ ಎಂದು ತಲೆಯಾಡಿಸಿದಳು. ಹಾಗಿದ್ದರೆ ಬಾಯಿ ಮುಚ್ಕೊಂಡಿರು ಎಂದೆ. ಅಣ್ಣನಾಗಿ ನನಗೆ ತೋಚಿದ್ದು ಅಷ್ಟೇ. ಯಾರೂ ಕಂಡಿಲ್ಲ, ನಿನಗೇ ಸರಿಯಾಗಿ ಗೊತ್ತಿಲ್ಲ, ನೀನಾಗಿ ಹೋಗಿ ಕೆಲಸ ಕಳಕೊಳ್ಳುತ್ತೀಯಾ ಎಂದು ಗದರಿದೆ. ಅವಳು ಕೊಳದ ಬಾತುಕೋಳಿಗಳನ್ನು ನೋಡುತ್ತಾ ಕೂತಳು.

"ಏಳ್ದಿದ್ರೆ ನೀರಿನ ಪೊರೆ ಅನ್ಕೊಂಡು ಒಸಿ ಬೆಚ್ಚಗೆ ಮಾಡಿ ಬಿಟ್ಬಿಡ್ತಾರೆ. ಜಿಡ್ಡಾಗಿದ್ರೆ ಅದು ಸಾಲಲ್ಲ. ನನ್ ಮಾನ ಉಳೀತದೆ, ಕ್ಯಾಮೆರಾ ಓಗುತ್ತೆ," ಎಂದಳು ಕೊನೆಗೆ.

ಅವಳ ತಲೆ ಸವರಿದೆ. ಇಷ್ಟು ಭಾರವನ್ನು ಒಬ್ಬಳೇ ಹೊತ್ತುಕೊಂಡು, ಫೋನಿನಲ್ಲಿ ಹಸುವಿನ ವಿಚಾರ ಕೇಳುತ್ತಿದ್ದಳಲ್ಲ ಎಂದು ನನಗೆ ಅಳುವೇ ಬಂತು.

ಉದ್ದ ಮೇಜು

ಮರುದಿನ ಬೆಳಿಗ್ಗೆ ತಂಡದ ಸಭೆ. ನಾನೂ ಹೋದೆ, ಕ್ಷಮೆ ಕೇಳುವುದಿತ್ತು. ಬರುವಷ್ಟು ಇಂಗ್ಲಿಷಿನಲ್ಲಿ ನಮ್ಮೂರಿನ ಧೂಳು, ಅಪ್ಪನ ದೀಪ, ನಮ್ಮ ಅಭ್ಯಾಸ ಎಲ್ಲ ಹೇಳಿ ತಪ್ಪಾಯಿತು ಎಂದೆ. ಹೇಳಿದ ಮೇಲೆ ಮೇಜನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅದೇನೆಂದು ಅವರಿಗೆ ತಿಳಿಯದಿದ್ದರೂ ಬಿರ್ಗಿಟ್ ಗಂಭೀರವಾಗಿ ತಲೆದೂಗಿದರು.

ನಾನು ಕೂತ ಕೂಡಲೇ ಪದ್ಮ ಎದ್ದಳು. ನನ್ನಣ್ಣ ನಿನ್ನೆ ಮಾಡಿದ್ದನ್ನು ನಾನು ಅವತ್ತು ಮಾಡಿರಬಹುದು ಎಂದು ಶುರುಮಾಡಿ, ಕೊಳದ ಬಳಿ ನನಗೆ ಹೇಳಿದ್ದನ್ನೆಲ್ಲ ಹೇಳಿದಳು. ಕೈಗಳನ್ನು ಬೆನ್ನ ಹಿಂದೆ ಹಿಸುಕಿಕೊಳ್ಳುತ್ತಿದ್ದಳು.

ಪದ್ಮಳ ಕೆಲಸ ಹೋಯಿತೆಂದೇ ಲೆಕ್ಕ. ನಾನು ಪೆಟ್ಟಿಗೆ ಕಟ್ಟುವುದರ ಬಗ್ಗೆ ಯೋಚಿಸುತ್ತಿದ್ದೆ. ಆಗ ಕ್ಲೌಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಲ್ಲ ಪದ್ಮ. ಅದು ನನ್ನ ಅಂಟು," ಎಂದರು. ಕೊನೆಯ ಲೆನ್ಸಿನ ಅಂಟು ಇನ್ನೂ ಸ್ವಲ್ಪ ಕಾಲ ಒಣಗಬೇಕಿತ್ತಂತೆ. ಇಷ್ಟು ಸಾಕೆಂದು ಮೇಲೆತ್ತಿದವರು ಅವರು. ಮಬ್ಬು ಕಂಡ ದಿನದಿಂದ ಹೆಂಡತಿಗೂ ಹೇಳದೆ ಅದನ್ನೇ ನೆನೆಯುತ್ತಿದ್ದಾರಂತೆ.

ಇಲ್ಲ, ಅಂಟೂ ಅಲ್ಲ, ಎಂದರು ಬಿರ್ಗಿಟ್. ನೌಕೆಗೆ ಸುತ್ತುವ ಹೊದಿಕೆಯನ್ನು ಒಲೆಯಲ್ಲಿಟ್ಟು ಅದರೊಳಗಿನ ನೀರಿನ ಆವಿ ಹೋಗುವವರೆಗೆ ಕಾಯಿಸಬೇಕಿತ್ತು. ಉಡಾವಣೆ ಹತ್ತಿರ ಬಂದಿದ್ದರಿಂದ ಸಾಕು ಬಿಡಿ ಎಂದು ಒಪ್ಪಿ ರುಜು ಹಾಕಿದವರು ಅವರೇ. ಅಷ್ಟು ಗಟ್ಟಿ ಹೆಂಗಸು ಈ ಮಾತು ಹೇಳುವಾಗ ನಮ್ಮ ಕಡೆ ನೋಡಲಿಲ್ಲ.

ಆಮೇಲೆ ಜಗಳವೇ ಆಯಿತು. ನನ್ನದು ಎಂದು ಪದ್ಮ, ನನ್ನದು ಎಂದು ಕ್ಲೌಸ್, ಸಾಧ್ಯವೇ ಇಲ್ಲ ನನ್ನದು ಎಂದು ಬಿರ್ಗಿಟ್. ಬಂಗಾರಪೇಟೆಯ ಮದುವೆ ಮನೆಗಳಲ್ಲಿ ನಾನು ಕಂಡ ಜಗಳಗಳೆಲ್ಲ ತಪ್ಪು ತನ್ನದಲ್ಲ ಎಂದು ಸಾಧಿಸುವುದಕ್ಕೆ ಆಗಿದ್ದು. ತಪ್ಪಿಗಾಗಿ ಇಷ್ಟು ಜನ ಕಿತ್ತಾಡಿದ್ದನ್ನು ಅಲ್ಲೇ ನೋಡಿದ್ದು. ಮೂವರೂ ಒಂದೇ ಕೋಣೆಯಲ್ಲಿ ಕೂತು, ದಿನಾ ಜೊತೆಗೆ ಊಟಮಾಡಿ, ಒಬ್ಬರಿಗೊಬ್ಬರು ಹೇಳದೆ ಒಳಗೊಳಗೇ ಬೇಯುತ್ತಿದ್ದರಲ್ಲ! ನನಗೆ ಅವರನ್ನೆಲ್ಲ ಒಟ್ಟಿಗೆ ಕೂರಿಸಿ ಮುದ್ದೆ ಬಡಿಸಬೇಕೆನಿಸಿತು.

ಕೊನೆಗೆ ಬಿರ್ಗಿಟ್ ಮೇಜು ತಟ್ಟಿ ತೀರ್ಮಾನ ಹೇಳಿದರು. ಪೊರೆ ಯಾರದ್ದಾದರೂ ಇರಲಿ, ಮೂರಕ್ಕೂ ಸಿದ್ಧವಾಗೋಣ. ಮೊದಲು ನೀರಿಗೆ ಸಾಕಾಗುವಷ್ಟು ಕಾಯಿಸಿ ಒಂದು ಫೋಟೋ ತೆಗೆಯುವುದು. ಹೋಗದಿದ್ದರೆ ಅಂಟಿಗೂ ಜಿಡ್ಡಿಗೂ ಬೇಕಾಗುವಷ್ಟು. ಅಷ್ಟು ಬಿಸಿಯನ್ನು ಲೆನ್ಸುಗಳು ತಡೆಯುತ್ತವೋ ಎಂದು ಅವಳಿಯ ಮೇಲೆ ಕೂಡಲೇ ನೋಡುವುದು.

ಆ ತಂಡದಲ್ಲಿ ಒಂದು ಪದ್ಧತಿಯಿದೆ. ತಪ್ಪು ಮಾಡಿದವರು ಮರುದಿನ ಎಲ್ಲರಿಗೂ ಕೇಕ್ ಮಾಡಿ ತರಬೇಕು. ಮರುದಿನ ಅದೇ ಉದ್ದ ಮೇಜಿನ ಮೇಲೆ ಮೂರು ಕೇಕುಗಳಿದ್ದವು. ಅವುಗಳ ಪಕ್ಕದಲ್ಲಿ ನನ್ನವೂ ಇದ್ದವು, ಅಮ್ಮನ ರಾಗಿ ಹಿಟ್ಟು ಹುರಿದು ಸಕ್ಕರೆ ಬೆರೆಸಿ ಕಟ್ಟಿದ ಉಂಡೆಗಳು. ಕ್ಲೌಸ್ ಒಂದನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು.

ಕಾಯುವ ದಿನಗಳು

ಅವಳಿ ಬಿಸಿಯನ್ನು ತಡೆಯಿತು. ಸರದಿಯ ಮೊದಲ ದಿನ ಆಜ್ಞೆ ಕಳಿಸಿದರು. ಆ ಆಜ್ಞೆ ನೌಕೆ ಮುಟ್ಟುವುದರೊಳಗೆ ನಾವು ಕಾಫಿ ಕುಡಿದು, ಲೋಟ ತೊಳೆದು, ಮತ್ತೆ ಕಾಫಿ ಕುಡಿದೆವು. ಬೆಳಕಿಗೇ ಅಷ್ಟು ಹೊತ್ತು ಬೇಕಾದ ದೂರವದು. ಪದ್ಮ ಅವತ್ತು ಅಮ್ಮನ ವಿಭೂತಿ ಪೊಟ್ಟಣ ಕೇಳಿ ತೆಗೆದುಕೊಂಡು ತನ್ನ ಹಣೆಗಿಟ್ಟುಕೊಂಡಳು. ಮೆಷಿನ್ನಿಗೆ ಹಚ್ಚಲಾಗದಿದ್ದರೂ ಅದನ್ನು ಮಾಡಿದವಳಿಗಾದರೂ ಹಚ್ಚಿದೆ ಎಂದು ಅಮ್ಮನಿಗೆ ಹೇಳಬಹುದಾಯಿತು.

ಮೊದಲ ಸಲ ಕಾಯಿಸಿ, ತಣಿಸಿ ತೆಗೆದ ಚಿತ್ರ ಬಂತು. ಮಬ್ಬು ಹಾಗೇ ಇತ್ತು. ಅಂದರೆ ಬರೀ ನೀರಲ್ಲ. ಪದ್ಮ ಎದ್ದುಹೋದಳು. ಕ್ಲೌಸ್ ಕಿಟಕಿಯ ಬಳಿ ನಿಂತು ಹೊರಗೆ ನೋಡುತ್ತಿದ್ದರು. ಎರಡನೆಯ ಸಲ ಹೆಚ್ಚು ಕಾಯಿಸಲು ಆಜ್ಞೆ ಹೋಯಿತು. ಮತ್ತೆ ಕಾಯುವ ದಿನಗಳು. ಪದ್ಮ ತುತ್ತು ಇಳಿಸಲಿಲ್ಲ. ಮನೆಯೊಡತಿ ಕಿಟಕಿ ತೆಗೆಯಲು ಬಂದವರು ಅವಳ ಮುಖ ನೋಡಿ, ಅವತ್ತೊಂದು ದಿನ ಕಿಟಕಿ ತೆಗೆಯದೆ ಅವಳ ಪಕ್ಕ ಕೂತರು. ಅವರು ಬಿಟ್ಟ ಕಿಟಕಿಯನ್ನು ನಾನೇ ತೆಗೆದೆ.

ಚಿತ್ರ ಬರುವ ದಿನ ಎಲ್ಲರೂ ಒಂದೇ ಪರದೆಯ ಮುಂದೆ ಸೇರಿದರು. ಅದು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಬಂತು. ಬರೀ ಕಪ್ಪು, ಇನ್ನಷ್ಟು ಕಪ್ಪು. ಕ್ಯಾಮೆರಾ ಕುರುಡಾಯಿತೇ ಎಂದುಕೊಂಡೆ. ಆಮೇಲೆ ಒಂದು ಚುಕ್ಕೆ. ಪಕ್ಕದಲ್ಲಿ ಇನ್ನೊಂದು. ಸೂಜಿಮೊನೆಯಷ್ಟು ಚೂಪು, ಸುತ್ತ ಮಬ್ಬಿಲ್ಲ. ಕೆಳಗಿನ ಮೂಲೆಯೊಂದರಲ್ಲಿ ಮಾತ್ರ ಒಂದಿಷ್ಟು ಮಸುಕು ಉಳಿದಿತ್ತು, ಅದರಿಂದ ತೊಂದರೆಯಿಲ್ಲ ಎಂದರು ಬಿರ್ಗಿಟ್. ಹೇಳಿದವರೇ ಕ್ಲೌಸರನ್ನು ತಬ್ಬಿಕೊಂಡರು.

ಪದ್ಮ ನೆಲದ ಮೇಲೆ ಕೂತು, ಮೊಣಕಾಲಲ್ಲಿ ಮುಖವಿಟ್ಟು ಅತ್ತಳು. ನಾನೂ ಅವಳ ಪಕ್ಕ ಕೂತು ಅತ್ತೆ. ಅಷ್ಟು ಜನರ ಮುಂದೆ ಅಳಲು ನನಗೆ ನಾಚಿಕೆಯಾಗಲಿಲ್ಲ.

"ಯಾರ್ದಂತೆ ಪೊರೆ?" ಎಂದು ಮನೆಗೆ ಹೋಗುವಾಗ ಕೇಳಿದೆ.

"ಗೊತ್ತಾಗಲ್ಲ ಅಣ್ಣ. ಅಂಟಿಗೂ ಜಿಡ್ಡಿಗೂ ಬೇಕಾಗಿದ್ ಬಿಸಿ ಒಂದೇ. ಯಾವತ್ತಿಗೂ ಗೊತ್ತಾಗಲ್ಲ." ಸ್ವಲ್ಪ ದೂರ ನಡೆದು, "ಇರ್ಲಿ ಬಿಡು," ಎಂದಳು. ಅವತ್ತು ರಾತ್ರಿ ಎರಡು ಮುದ್ದೆ ಉಂಡಳು.

ಊರಿಗಾಂ, ಗೋಡೆಯ ಮುಂದೆ

ನಾನು ಬಂದಾಗಲೂ ಆಷಾಢದ ಗಾಳಿ ನಿಂತಿರಲಿಲ್ಲ. ನೌಕೆಗೆ ಆ ಕ್ಷುದ್ರಗ್ರಹ ಸಿಗುವುದು ಇನ್ನೂ ದೂರದ ಮಾತು. ಪದ್ಮ ಕೊಟ್ಟ ನಕ್ಷತ್ರಗಳ ಚಿತ್ರವನ್ನು ಸ್ಟುಡಿಯೋದಲ್ಲಿ ದೊಡ್ಡದಾಗಿ ಮುದ್ರಿಸಿ, ಗಾಜು ಹಾಕಿಸಿ, ಮನೆಯಲ್ಲಿ ಅಪ್ಪನ ಫೋಟೋದ ಪಕ್ಕ ಮೊಳೆ ಹೊಡೆದು ತೂಗುಹಾಕಿದೆ. ಆಮೇಲೆ ಪದ್ಮಳಿಗೆ ವೀಡಿಯೋ ಕಾಲ್ ಮಾಡಿ, ಫೋನನ್ನು ಗೋಡೆಯ ಕಡೆಗೆ ಹಿಡಿದು, ಹಸುವಿನ ಹತ್ತಿರವಿದ್ದ ಅಮ್ಮನನ್ನು ಕೂಗಿದೆ.

ಅಮ್ಮ ಕೈತೊಳೆದುಕೊಂಡು ಬಂದಳು. ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

"ಈಗ್ ತಾನೇ ಗಾಜ್ ಆಕ್ಸಿದ್ಯಾ, ಆಗ್ಲೇ ಏನ್ಲಾ ಇಷ್ಟೊಂದ್ ಧೂಳು!" ಎಂದವಳೇ, ಬಾಯಗಲಿಸಿ 'ಹಾ' ಎಂದು ಉಸಿರು ಬಿಟ್ಟಳು. ಗಾಜೆಲ್ಲ ಮಂಜಾಯಿತು. ಸೆರಗಿನ ತುದಿ 'ಕಿರಕ್ ಕಿರಕ್' ಎನ್ನುವಂತೆ ಒರೆಸಿದಳು. ನಾನು ತಡೆಯಲು ಹೋದೆ. ಫೋನಿನೊಳಗಿನಿಂದ ಪದ್ಮ, ಬೇಡ, ಬಿಡಣ್ಣ, ಎಂದಳು.

ಮಂಜು ಹೋಯಿತು. ನಕ್ಷತ್ರಗಳು ಇದ್ದಲ್ಲೇ ಇದ್ದವು. ಅಮ್ಮ ಬಗ್ಗಿ ನೋಡಿ ಇನ್ನೊಮ್ಮೆ ಉಸಿರು ಬಿಟ್ಟಳು, ಇನ್ನೂ ಒತ್ತಿ ಒರೆಸಿದಳು.

"ಎಷ್ಟ್ ಒರೆಸಿದ್ರೂ ಓಗ್ತಾನೇ ಇಲ್ವಲ್ಲೇ ಪದ್ಮೀ ಇದು!"

ಪದ್ಮಳ ಮುಖ ನೋಡಿದೆ. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು. ಈ ಸಲ ಕಣ್ಣೂ ನಗುತ್ತಿತ್ತು.

"ಇನ್ನೊಂದ್ ಸಲ ಒರೆಸಮ್ಮಾ," ಎಂದಳು. "ಚೆನ್ನಾಗಿ ಉಸ್ರು ಬಿಟ್ಟು ಒರೆಸು."